ಸಾಂತಾಕ್ರೂಜ್‌ನಲ್ಲಿ ನಾನು ಕಾರು ಎತ್ತಿಸಿದ್ದು

ಕಾರು ಓಡಿಸುವ ಹೆಂಗಸನ್ನು ನಮ್ಮ ಸಾಂತಾಕ್ರೂಜ್ ಬಿಲ್ಡಿಂಗು ಹೇಗೋ ಸಹಿಸಿಕೊಂಡಿತ್ತು. ಕಾರಿನ ಅಡಿಗೆ ಮಲಗುವ ಹೆಂಗಸನ್ನು ಮಾತ್ರ ಅದಕ್ಕೆ ಸಹಿಸಲಾಗಲಿಲ್ಲ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ದಾದರಿನ ಕನ್ನಡ ಶಾಲೆಯೊಂದರಲ್ಲಿ ಗಣಿತದ ಟೀಚರು. ವಾರವಿಡೀ ಲೋಕಲ್ ರೈಲಿನಲ್ಲಿ ನಜ್ಜುಗುಜ್ಜಾಗಿ ಹೋಗಿಬಂದು, ಭಾನುವಾರ ಹಳೆ ಸೀರೆಯುಟ್ಟು ನಮ್ಮ ಮುದಿ ಕಾರಿನ ಹೊಟ್ಟೆಯ ಕೆಳಗೆ ತೂರಿಕೊಳ್ಳುತ್ತಿದ್ದೆ. ಉಳಿದವರಿಗೆ ಮ್ಯಾಟಿನಿ ಇದ್ದಂತೆ ನನಗದು. ಹೊರಗೆ ಬಂದಾಗ ಮುಖಕ್ಕೆ ಎಷ್ಟು ಗ್ರೀಸ್ ಮೆತ್ತಿದೆಯೆಂದು ಕನ್ನಡಿಗಿಂತ ಮೊದಲು ಬಾಲ್ಕನಿಗಳ ನಗುವೇ ತಿಳಿಸುತ್ತಿತ್ತು.

ಒಂದು ಭಾನುವಾರ ಕಾರನ್ನು ಎತ್ತಿ ಹಿಡಿದಿದ್ದ ಜ್ಯಾಕ್ ಜಾರಿತು. ಕಾರು ನನ್ನ ಹೆಗಲಿಗೆ ನಾಲ್ಕೇ ಬೆರಳು ದೂರದಲ್ಲಿ ಧೊಪ್ಪನೆ ಕೂತಿತು. ನನ್ನ ಗಂಡ ಉಡುಪಿ ಕಡೆಯವರು, ಬಸ್ಸು ಹತ್ತುವಾಗಲೂ ದೇವರನ್ನು ನೆನೆಯುವ ಜೀವ. "ಸಾಕು ಮಾರಾಯ್ತಿ, ಇದನ್ನು ಮಾರಿಬಿಡುವ," ಎಂದರು.

"ಮಾರೋದಿಲ್ಲ. ಎತ್ತಿ ನಿಲ್ಲಿಸ್ತೀನಿ," ಎಂದೆ.

ವಡಾಲದಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ವರ್ಕ್‌ಶಾಪಿನಿಂದ ಕಾರು ಎತ್ತುವ ಲಿಫ್ಟು ತಂದೆ. ನಾಲ್ಕು ಕಬ್ಬಿಣದ ಕಂಬ, ನಡುವೆ ಚಕ್ರಗಳು ನಿಲ್ಲಲು ಎರಡು ಉಕ್ಕಿನ ಹಲಗೆ. ಹಿಡಿ ತಿರುಗಿಸಿದರೆ ಕಂಬದೊಳಗಿನ ಸ್ಕ್ರೂ ತಿರುಗಿ, ಹಲಗೆಗಳು ಕಾರಿನ ಸಮೇತ ಮೇಲೇರುತ್ತವೆ. ಸ್ಕ್ರೂ ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು ಅಷ್ಟೇ, ಘಾಟಿಯ ರಸ್ತೆ ಬೆಟ್ಟವನ್ನು ಸುತ್ತಿದ ಹಾಗೆ. ಮಕ್ಕಳಿಗೆ ಇದನ್ನು ಎಷ್ಟೋ ಸಲ ಹೇಳಿದ್ದೆ. ನಾನೇ ನಂಬಿದ್ದು ಮಾತ್ರ ಆಗ.

ಬಿಲ್ಡಿಂಗಿನ ಕೆಳಗಿದ್ದ ನಮ್ಮ ಗ್ಯಾರೇಜಿನ ನೆಲ ಅಗೆದು ಕಂಬ ನೆಟ್ಟವನು ಬಿಜಾಪುರ ಕಡೆಯ ಗೌಂಡಿ ಬಸಪ್ಪ. ಸೊಂಟದಾಳದ ಗುಂಡಿ ತೋಡಿ ಕಾಂಕ್ರೀಟು ತುಂಬಿ, ದಿನಾ ನೀರುಣಿಸಿ, ಕೊನೆಗೊಮ್ಮೆ ಕಂಬವನ್ನು ಹೆಗಲಿನಿಂದ ನೂಕಿ ನೋಡಿದ. "ಬಾಯಾರ, ಆನಿ ತಂದು ನಿಲ್ಲಿಸ್ರಿ. ಜಗ್ಗಂಗಿಲ್ಲ," ಎಂದ.

ಆನೆಗಿಂತ ಮೊದಲು ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಬಂದರು. "ಬಾಯೀ, ಯೇ ಘರ್ ಹೈ, ವರ್ಕ್‌ಶಾಪ್ ನಹೀ. ಗಿರ್ ಗಯಾ ತೋ?" ಇದು ಮನೆ, ವರ್ಕ್‌ಶಾಪಲ್ಲ, ಬಿದ್ದರೆ ಏನು ಗತಿ ಎಂಬುದು ಅವರ ವಾದ. ಎಂಟು ದಿನದಲ್ಲಿ ಲಿಫ್ಟು ತೆಗೆಯದಿದ್ದರೆ ಗ್ಯಾರೇಜು ಖಾಲಿ ಮಾಡಬೇಕೆಂದು ಟೈಪು ಮಾಡಿದ ನೋಟೀಸು ಕೈಗಿಟ್ಟರು. ನಾನು ಕಾರಿನಡಿಗೆ ಸಿಕ್ಕಿ ಸಾಯುವ ಹಾಗಿದ್ದಾಗ ಬರದ ನೋಟೀಸು, ಸಾಯದಿರಲು ದಾರಿ ಮಾಡಿಕೊಂಡಾಗ ಬಂತು. ಸಿಟ್ಟು ನೆತ್ತಿಗೇರಿತು. ಭಾನುವಾರ ಬೆಳಿಗ್ಗೆ ಇಡೀ ಕಮಿಟಿಯೇ ಬಂದು ನೋಡಲಿ ಎಂದು ಹೇಳಿ ಕಳಿಸಿದೆ.

ಬಂದರು, ಐದು ಜನ. ಅವರೆದುರಿಗೇ ಹಿಡಿ ತಿರುಗಿಸಿ ಕಾರನ್ನು ನನ್ನ ತಲೆಯ ಮಟ್ಟಕ್ಕೆ ಎತ್ತಿದೆ. ಹಲಗೆ ಕೆಳಗೆ ಜಾರದಂತೆ ಕಂಬಗಳಿಗೆ ಕೀಲು ಹಾಕಿದೆ. ಅದರಡಿಗೆ ಕುರ್ಚಿ ಎಳೆದು ಕೂತು, ಏಳನೇ ಕ್ಲಾಸಿನ ಗಣಿತದ ಪೇಪರು ತಿದ್ದತೊಡಗಿದೆ. "ಮುಗಿಯೋವರೆಗೆ ಏಳೋದಿಲ್ಲ. ಬಿದ್ರೆ ನಿಮ್ಮ ನೋಟೀಸು ಸರಿ."

ಮೇಲೆ ಲೋಹ ಒಮ್ಮೆ ಕಿರ್ರೆಂದಿತು. ಕಾಲು ಗಂಟೆ ಕಳೆದಿರಬೇಕು, ಸ್ಟೂಲು ಎಳೆದ ಸದ್ದಾಯಿತು. ನೋಡಿದರೆ ನನ್ನ ಗಂಡ! ದಿನಪತ್ರಿಕೆ ಬಗಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಏನೋ ಗುನುಗುತ್ತಾ ಕಾರಿನಡಿಗೆ ನುಗ್ಗಿ ನನ್ನ ಪಕ್ಕ ಕೂತರು. "ನೀವ್ಯಾಕೆ ಬಂದ್ರಿ?" ಎಂದು ಪಿಸುಗುಟ್ಟಿದೆ.

"ಹೊರಗೆ ನಿಂತು ಹೆದರುವುದಕ್ಕಿಂತ ಒಳಗೆ ಕೂತು ಹೆದರುವುದು ಸುಲಭ, ಮಾರಾಯ್ತಿ."

ನಲವತ್ತು ಪೇಪರು ಮುಗಿಯುವ ಹೊತ್ತಿಗೆ ಕಮಿಟಿಯಲ್ಲಿ ಇಬ್ಬರೇ ಉಳಿದಿದ್ದರು. "ಒಳಗೆ ಬಂದು ಕೀಲು ಚೆಕ್ ಮಾಡ್ತೀರಾ?" ಎಂದು ಸೆಕ್ರೆಟರಿಯನ್ನು ಕೇಳಿದೆ. ಅವರು ವಾಚು ನೋಡಿಕೊಂಡು ಹೊರಟರು. ನೋಟೀಸಿನ ಮಾತು ಆಮೇಲೆ ಬರಲಿಲ್ಲ.

ನನಗೆ ಹೆದರಿಕೆಯಾಗಿರಲಿಲ್ಲ ಎಂದುಕೊಳ್ಳಬೇಡಿ. ಮರುದಿನ ಶಾಲೆಯಲ್ಲಿ ಪೇಪರು ಬಿಚ್ಚಿ ನೋಡಿದರೆ ತಪ್ಪು ಸರಿ ಎನ್ನದೆ ಎಲ್ಲದಕ್ಕೂ ರೈಟ್ ಗುರುತು ಹಾಕಿಬಿಟ್ಟಿದ್ದೆ. ಭಾಗಾಕಾರವೇ ಬಾರದ ಹುಡುಗಿಗೆ ನೂರಕ್ಕೆ ನೂರು! ಕೆಂಪು ಪೆನ್ನು ಎತ್ತಿಕೊಂಡವಳು ಹಾಗೇ ಕೆಳಗಿಟ್ಟೆ. ಅಷ್ಟು ಭಾರದ ಕಾರೇ ಬೀಳದ ದಿನ, ಪಾಪ, ಈ ಮಕ್ಕಳು ಯಾಕೆ ಪರೀಕ್ಷೆಯಲ್ಲಿ ಬೀಳಬೇಕು?