ಅಮ್ಮನ ಪುಸ್ತಕದಲ್ಲಿ ದೂರ ನಿಂತ ಸಾಲುಗಳು

ನನಗೂ ಅಣ್ಣನಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಅಮ್ಮ ಹೋದ ಮೇಲಾದರೂ ಸರಿಹೋಗಬಹುದೆಂದು ನೆಂಟರು ಅಂದುಕೊಂಡಿದ್ದರು. ಸರಿಹೋಗಲಿಲ್ಲ.

ಅಮ್ಮನ ತವರು ಗೌರಿಬಿದನೂರಿನಿಂದಾಚೆ, ಹಿಂದೂಪುರದ ಕಡೆ. ಓದಿದ್ದು ತೆಲುಗು ಶಾಲೆಯಲ್ಲಿ. ಸೊಸೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದು ಕನ್ನಡ ಕಲಿತರೂ ಬೈಯುವುದು, ಮುದ್ದಾಡುವುದು, ಹಾಡುವುದು ಎಲ್ಲ ತೆಲುಗಿನಲ್ಲೇ. ಅಣ್ಣನಿಗೆ ಅದು ಅವಮಾನ. ಕಚೇರಿಯ ಸ್ನೇಹಿತರು ಬಂದಾಗ ಅಮ್ಮ ಬಾಯಿ ತೆರೆದರೆ ಕಣ್ಣಲ್ಲೇ ಗದರಿಸುತ್ತಿದ್ದ. ಅವಳು ಕಾಫಿ ಲೋಟ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಆ ಸಿಟ್ಟು ನನಗಿನ್ನೂ ಆರಿಲ್ಲ.

ವರ್ಷದ ತಿಥಿಗೆ ಬಂದವರ ಕೈಗೆ ಕೊಡಲು ಅಮ್ಮನ ಹಾಡು, ಗಾದೆ, ಬೈಗುಳಗಳ ಪುಟ್ಟ ಪುಸ್ತಕ ಮಾಡಿದೆ. ಅವಳ ಮಾತು ತೆಲುಗು ಅಕ್ಷರದಲ್ಲಿ, ಅರ್ಥ ಕನ್ನಡದಲ್ಲಿ. ಅಮ್ಮನ ತಂಗಿ, ನಮ್ಮ ಚಿಕ್ಕಮ್ಮನಿಗೆ ಕನ್ನಡ ಓದಲು ಬಾರದು. ಅಕ್ಕನ ಮಾತನ್ನು ನೀನೇ ಓದಿಕೊಳ್ಳಬಹುದು ಎಂದು ಅವಳಿಗೆ ಮಾತು ಕೊಟ್ಟಿದ್ದೆ.

ಕಂಪ್ಯೂಟರಿನಲ್ಲಿ ಕನ್ನಡಕ್ಕೊಂದು ಫಾಂಟು, ತೆಲುಗಿಗೊಂದು. ತೆಲುಗಿನ ಒಂದೇ ಪದ ಬಂದರೂ ಆ ಸಾಲು ಮೇಲಿನ ಸಾಲಿನಿಂದ ದೂರ ಸರಿದು ನಿಲ್ಲುತ್ತಿತ್ತು. ಅಂತರ ಬಿಗಿ ಮಾಡಿದರೆ ಅಕ್ಷರಗಳ ತಲೆಕಟ್ಟೇ ಕತ್ತರಿಸಿಹೋಗುತ್ತಿತ್ತು. ತಲೆ ಇಲ್ಲದ ಮಾತಿಗಿಂತ ದೂರ ನಿಂತ ಮಾತೇ ವಾಸಿ ಎಂದು ಹಾಗೇ ಬಿಟ್ಟೆ.

ಅಣ್ಣ ಕರಡು ಪುಟದ ಮೇಲೆ ಸ್ಕೇಲು ಇಟ್ಟು ನೋಡಿ, ಸಾಲುಗಳ ಅಂತರ ಒಂದೇ ಸಮ ಇಲ್ಲ ಎಂದ. ಫಾಂಟಿನ ಕಥೆ ಹೇಳಿದೆ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಆ ತೆಲುಗು ತೆಗೆದಾಕಮ್ಮ, ಎಲ್ಲಾ ನೆಟ್ಟಗಾಗ್ತದೆ."

ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಒಂದಕ್ಷರವನ್ನೂ ತೆಗೆಯುವುದಿಲ್ಲ ಎಂದೆ. ಯಾವ ಪ್ರೆಸ್ಸಿಗೆ ಕೊಡುತ್ತೀಯ ಎಂದು ಕೇಳಿಕೊಂಡು ಹೋದ. ಆಗಲೇ ಹೆದರಬೇಕಿತ್ತು.

ತಿಥಿಯ ದಿನ ಪ್ರೆಸ್ಸಿನಿಂದ ಕಟ್ಟುಗಳನ್ನು ಅವನೇ ತಂದ. ಬಿಚ್ಚಿ ನೋಡಿದರೆ ಪುಟಗಳೆಲ್ಲ ಇಸ್ತ್ರಿ ಹಾಕಿದಂತಿವೆ. ತೆಲುಗು ಒಂದಕ್ಷರವೂ ಇಲ್ಲ, ಬರೀ ಕನ್ನಡದ ಅರ್ಥ. ನನಗೆ ಹೇಳದೆ ಪ್ರೆಸ್ಸಿಗೆ ಹೋಗಿ ತೆಗೆಸಿದ್ದ. ಎಲೆ ಮುಂದೆ ನೆಂಟರು ಕೂತಿದ್ದರು, ಕೈಯಲ್ಲಿ ಸಾರಿನ ಸೌಟಿತ್ತು. ಬಡಿಸಿದೆ.

ಊಟವಾದ ಮೇಲೆ ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಪುಸ್ತಕ ತೆರೆದಳು. ಬೆರಳಿಟ್ಟು ಒಂದೊಂದೇ ಪುಟ ತಿರುವಿದಳು. ಕೊನೆಯ ಪುಟ ಮುಗಿಸಿ ಮತ್ತೆ ಮೊದಲನೆಯದಕ್ಕೆ ಬಂದಳು. ಅಣ್ಣ ಪಕ್ಕದಲ್ಲೇ ನಿಂತು, ಸಾಲುಗಳು ಎಷ್ಟು ನೆಟ್ಟಗೆ ಬಂದಿವೆ ನೋಡಿ ಎಂದು ಯಾರಿಗೋ ತೋರಿಸುತ್ತಿದ್ದ.

ಚಿಕ್ಕಮ್ಮ ಅವನ ಕೈ ಹಿಡಿದು ಕೇಳಿದಳು.

"ಇಂದುಲೋ ಅಕ್ಕ ಎಕ್ಕಡುಂದಿರಾ?"

ಇದರಲ್ಲಿ ಅಕ್ಕ ಎಲ್ಲಿದ್ದಾಳೆ ಎಂದು. ಸುತ್ತ ಅವನ ಕಚೇರಿಯವರಿದ್ದರು. ಅಣ್ಣ ಅಮ್ಮನನ್ನು ನೋಡುತ್ತಿದ್ದ ಅದೇ ಕಣ್ಣಿನಿಂದ ಅವಳನ್ನು ನೋಡಿದ. ಚಿಕ್ಕಮ್ಮ ಪುಸ್ತಕವನ್ನು ಅಲ್ಲೇ ಇಟ್ಟು ಒಳಗೆ ಹೋದಳು.