ಗೋಡೆಗೂಡಿನ ಪಾಲು

ಅರ್ಧ ಹಳದಿ, ಅರ್ಧ ಬಿಳಿ. ಗುಳಿಗೆಯ ಪಟ್ಟಿಯೊಂದು ನನ್ನ ಅಂಗೈಯಲ್ಲಿದೆ. ಹೆಬ್ಬೆರಳಿನಿಂದ ಒತ್ತಿದರೆ ಹಿಂದಿನ ತಗಡು ಚಟ್ ಎಂದು ಹರಿದು ಗುಳಿಗೆ ಹೊರಗೆ ಬೀಳುತ್ತದೆ. ಮೊನ್ನೆ ಮೊದಲನೆಯದನ್ನು ಒತ್ತಿದಾಗ ಆ ಸದ್ದು ಕೇಳಿ, ನನಗೇ ಗೊತ್ತಿಲ್ಲದಂತೆ ನನ್ನ ಕಿವಿ ಬಡಗಣ ಗೋಡೆಯ ಕಡೆ ತಿರುಗಿತು. ಅದರ ಜೊತೆಗೆ ಬರಬೇಕಾದ ಇನ್ನೊಂದು ಸದ್ದಿಗೆ ಕಾಯುವವರ ಹಾಗೆ...

ಮೊದಲು ಸಂತೋಷದ ಮಾತು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ನನ್ನ ಮೊಮ್ಮಗಳಿಗೆ ಜ್ವರ ಬಿಟ್ಟಿತು! ಪಂಚಮಿಗೆಂದು ಕಡೇಚೂರಿನಿಂದ ಅವ್ವನ ಜೊತೆ ಬಂದ ಕೂಸು, ಜೋಕಾಲಿ ಆಡಿ ಬಂದದ್ದೇ ರೊಟ್ಟಿಯ ಹಂಚಿನಂತೆ ಮೈ ಕಾದು ಮಲಗಿಬಿಟ್ಟಿತ್ತು. ಸುರಪುರದ ಡಾಕ್ಟರಮ್ಮ ಮೂಗಿನಲ್ಲಿ ಕಡ್ಡಿ ಹಾಕಿ ನೋಡಿ, ಫ್ಲೂ ಎಂದು ಹೇಳಿ, ಕೂಸಿಗೆ ಎರಡು ಹೊತ್ತು ಕುಡಿಯುವ ಔಷಧ ಬರೆದರು. ನನಗೆ ಸಕ್ಕರೆ ಕಾಯಿಲೆ, ಮೇಲೆ ದಮ್ಮು. ಅದಕ್ಕೆ, ಬರುವ ಮೊದಲೇ ತಡೆಯಲಿ ಎಂದು ನನಗೆ ದಿನಕ್ಕೊಂದು ಗುಳಿಗೆ. ಇವತ್ತು ಬೆಳಿಗ್ಗೆ ಕೂಸು ಕಣ್ಣು ಬಿಟ್ಟು, "ಮುತ್ಯಾ, ಉಂಡಿ ಕೊಡು" ಎಂದಿತು. ಆ ಒಂದು ಮಾತಿಗೆ ನಾನು ಓಣಿಗೆ ಓಡಿ, ಹಾಲಿನವನಿಗೆ ಹೇಳಿದೆ, ಎದುರು ಮನೆಯವರಿಗೆ ಹೇಳಿದೆ, ಕೊನೆಗೆ ಕಟ್ಟೆಯ ಮೇಲಿದ್ದ ಆಡಿಗೂ ಹೇಳಿದೆ. ಮಗಳು ಒಳಗಿನಿಂದಲೇ, "ಅಪ್ಪಾ, ನಿನಗ ಜ್ವರ ಬಂದಾವೇನ? ಹಂಗ ಕುಣ್ಯಾಕತ್ತೀ!" ಎಂದು ನಕ್ಕಳು.

ಬರಲಿ ಬಿಡು ಎಂದೆ. ಆದರೆ ಆ ಕೂಸು ಈ ಭೂಮಿಯ ಮೇಲೆ ಇರುವುದಕ್ಕೆ ಕಾರಣಳಾದ ಇನ್ನೊಬ್ಬಳು ಇದ್ದಳು. ಅವಳಿಗೆ ಹೇಳುವುದು ಉಳಿದಿತ್ತು.

ರಂಗಂಪೇಟೆಯ ಹಳೆಯ ಓಣಿಯಲ್ಲಿ ನಮ್ಮ ಮನೆ. ಕಲ್ಲಿನ ಗೋಡೆ, ಮೊಳಕ್ಕೂ ಮಿಕ್ಕಿದ ದಪ್ಪ. ಬಡಗಣ ಗೋಡೆ ನಮಗೂ ಆಚೆ ಮನೆಗೂ ಒಂದೇ ಆಗಿತ್ತು. ಅದರ ನಡುವೆ ಈ ಕಡೆಯಿಂದ ಆ ಕಡೆಗೆ ಒಂದು ಗೂಡು. ಒಂದೇ ದೀಪ ಎರಡು ಮನೆಗೆ ಬೆಳಕು ಕೊಡಲಿ ಎಂದು ಹಿಂದಿನವರು ಬಿಟ್ಟದ್ದಂತೆ. ಆಚೆ ಮನೆಯಲ್ಲಿ ಒಬ್ಬಳೇ ಇದ್ದವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಕೃಷ್ಣೆಯ ದಂಡೆಯ ಊರಿನವಳು. ಹರಿಗೋಲು ಹಾಕಿ ಮೀನು ಹಿಡಿಯುತ್ತಿದ್ದ ಗಂಡ ಬಹಳ ಹಿಂದೆಯೇ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಬಜಾರದಲ್ಲಿ ಚುರುಮುರಿ ಮಾರುತ್ತಿದ್ದಳು. ಬಾಯಲ್ಲಿ ಹಲ್ಲಿಲ್ಲದ ಕಾರಣ ಎಲೆ ಅಡಿಕೆಯನ್ನು ಪುಟ್ಟ ಹಿತ್ತಾಳೆಯ ಗುಂಡಿನಿಂದ ಕುಟ್ಟಿಕೊಳ್ಳುವಳು. ನಮ್ಮನ್ನು ಕರೆಯಬೇಕಾದರೂ ಅದೇ ಗುಂಡಿನಿಂದ ಗೋಡೆಗೆ ಬಡಿಯುವಳು. ಟಕ್... ಟಕ್. ಕಲ್ಲಿನ ಮೇಲೆ ಹಿತ್ತಾಳೆ. ಬೇರೆ ಯಾವ ಸದ್ದೂ ಹಾಗೆ ಇರುವುದಿಲ್ಲ. "ಏ ದರ್ಜಿ, ಇದ್ದೀಯೋ ಸತ್ತೀಯೋ? ಪಲ್ಯ ಇಟ್ಟೀನಿ, ತಗೋ."

ನನ್ನ ಹೆಂಡತಿ ಹೋದಾಗ ಮಗಳು ಇನ್ನೂ ಲಂಗ ಉಡುವ ವಯಸ್ಸಿನವಳು. ನಾನು ಮಿಷನ್ ತುಳಿಯುತ್ತ ಅಂಗಡಿಯಲ್ಲಿ ಕೂತರೆ, ಅವಳ ತಲೆ ಬಾಚಿ, ಹೆಣೆದು, ಉಣ್ಣಿಸಿ ಬೆಳೆಸಿದವಳು ಅಕ್ಕ. ಮಗಳು ಅವಳನ್ನು ದೊಡ್ಡವ್ವ ಎನ್ನುವಳು. ಮಗಳ ಮೊದಲ ಬಸಿರು ನಿಲ್ಲಲಿಲ್ಲ. ಎರಡನೆಯದಕ್ಕೆ ಹೆರಿಗೆಗೆಂದು ನಮ್ಮ ಮನೆಗೆ ಬಂದಾಗ, ನಾನು ಒಂದನ್ನೇ ಬೇಡಿಕೊಳ್ಳುತ್ತಿದ್ದೆ, ಈ ಕೂಸು ಉಳಿಯಲಿ. ಅಕ್ಕ ಬೇಡಿಕೊಳ್ಳಲಿಲ್ಲ, ಕೆಲಸಕ್ಕೇ ಇಳಿದಳು.

ನಮ್ಮ ಕಡೆ ಬಸುರಿ ಹತ್ತಿರ ಇದ್ದರೆ ಅವಳಿಗೆ ಪಾಲು ತೆಗೆಯದೆ ಯಾರೂ ಬಾಯಿಗೆ ಹಾಕುವುದಿಲ್ಲ. ಹೊಟ್ಟೆಯ ಕೂಸಿನ ಆಸೆ ತಟ್ಟುತ್ತದೆ ಎನ್ನುತ್ತಾರೆ. ಅಕ್ಕ ಇದರಲ್ಲಿ ಬಲು ಬಿಗಿ. ಒಂದು ಮೆಣಸಿನಕಾಯಿ ಬಜಿ ತಂದರೂ ಮುರಿದು ದೊಡ್ಡ ತುಂಡನ್ನು ಗೂಡಿನಲ್ಲಿ ಇಟ್ಟು ಗೋಡೆ ಬಡಿಯುವಳು. ಇಷ್ಟು ಯಾಕೆ ಎಂದು ಮಗಳು ಕೇಳಿದರೆ, "ಎರಡು ಜೀವಕ್ಕ ಕಮ್ಮಿ, ಈ ಒಂಟಿ ಮುದುಕಿಗೆ ಜಾಸ್ತಿ ಆಗಬಾರ್ದವ್ವ. ಮ್ಯಾಲಿನವ ನೋಡ್ತಿರ್ತಾನ" ಎನ್ನುವಳು.

ಆ ವರ್ಷವೂ ಪಂಚಮಿ. ಅಕ್ಕ ತವರಿಗೆ ಹೋಗಿ ಬಂದಳು. ಬರುವಾಗ ತಂಬಿಟ್ಟಿನ ಉಂಡೆ ತಂದಳು, ಕೆಮ್ಮನ್ನೂ ತಂದಳು. ಮಗಳು ಅವಳ ಪಕ್ಕ ಕೂತು ಒಂದೇ ತಾಟಿನಲ್ಲಿ ಉಂಡಳು. ಮರುದಿನ ಅಕ್ಕನ ಮೈ ಮುಟ್ಟಲಾಗದಷ್ಟು ಸುಡುತ್ತಿತ್ತು. ಆಟೋದಲ್ಲಿ ಕೂರಿಸಿಕೊಂಡು ಇದೇ ಡಾಕ್ಟರಮ್ಮನ ಬಳಿ ಹೋದೆ. ಮೂಗಿಗೆ ಕಡ್ಡಿ ಹಾಕಿ ನೋಡಿ ಫ್ಲೂ ಎಂದರು. ಮನೆಯಲ್ಲಿ ಬಸುರಿ ಇದ್ದಾಳೆ, ಕೂಡಿ ಉಂಡಿದ್ದಾರೆ ಎಂದು ಕೇಳಿದ ಕೂಡಲೇ ಮುಖ ಬಿಗಿಯಿತು. "ಬಸುರಿಗೆ ಈ ಜ್ವರ ಬಂದ್ರ ತಾಯಿಗೂ ತ್ರಾಸ, ಕೂಸಿಗೂ ತ್ರಾಸ ಐತ್ರಿ. ಇವತ್ತೇ ಶುರು ಮಾಡ್ಬೇಕು." ಇಬ್ಬರಿಗೂ ಚೀಟಿ ಬರೆದರು. ಅಕ್ಕನಿಗೆ ಬೆಳಿಗ್ಗೆ ಒಂದು, ಸಂಜೆ ಒಂದು. ಮಗಳಿಗೆ ಸಂಜೆಗೆ ಒಂದೇ. ಎರಡು ಮನೆಯ ನಡುವೆ ಕೊಡುವುದು, ತಗೊಳ್ಳುವುದು ಬಂದ್.

ಅಕ್ಕನಿಗೆ ಸಿಟ್ಟು. "ಸೂಜಿ ಹಾಕ್ಲಿಲ್ಲ ಏನಿಲ್ಲ, ಎಂಥ ಡಾಕ್ಟರ್ ಆಕಿ?" ಎಂದು ಆಟೋದಲ್ಲಿ ಉದ್ದಕ್ಕೂ ಗೊಣಗಿದಳು. ಆಮೇಲೆ ಎರಡು ಚೀಟಿಯ ಗುಳಿಗೆಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. "ನಂಗ ಎರಡು, ಆಕಿಗೆ ಒಂದಾ?" ಎಂದಳು. ಹೌದು ಅಕ್ಕ, ಡಾಕ್ಟರು ಹೇಳಿದ್ದಾರೆ ಎಂದೆ. ಹೂಂ ಎಂದು ತನ್ನ ಪಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡಳು.

ಮನೆಗೆ ಬಂದು ಗೂಡಿಗೆ ನಮ್ಮ ಕಡೆಯಿಂದ ಒಂದು ಹಲಗೆ ಹೊಡೆದೆ. ಮೊಳೆ ಬಡಿಯುತ್ತಿರುವಾಗ ಆ ಕಡೆಯಿಂದ ಕೆಮ್ಮು, ನಗು ಕೂಡಿ ಬಂತು. "ನನ್ನ ಕುಣಿ ಮುಚ್ಚಾಕತ್ತಿಯೇನ ದರ್ಜಿ?" ಆಮೇಲೆ ಮಗಳನ್ನು ಕರೆದಳು. "ದೀಪ ಹಚ್ಚೋ ಹೊತ್ತಿಗೆ ನಾ ಗ್ವಾಡಿ ಬಡೀತೀನಿ, ನೀ ಗುಳಿಗಿ ನುಂಗು. ಮರೀಬ್ಯಾಡ ಮತ್ತ."

ಹಾಗೆಯೇ ನಡೆಯಿತು. ದೀಪದ ಹೊತ್ತಿಗೆ ಟಕ್... ಟಕ್. ನಮ್ಮ ಕಡೆ ಚಟ್ ಎಂದು ಪಟ್ಟಿ ಹರಿಯುವುದು, ಆ ಕಡೆಯೂ ಚಟ್ ಎನ್ನುವುದು. ಇಬ್ಬರೂ ಕೂಡಿಯೇ ನುಂಗಿದರು ಎಂದು ನನಗೆ ಸಮಾಧಾನ. ನಾನು ಬಾಗಿಲ ಮುಂದೆ ಅಂಬಲಿ ಇಟ್ಟು ದೂರ ನಿಂತರೆ, ಅವಳು ಒಳಗೆ ತಗೊಳ್ಳುವಳು. ದಿನ ಕಳೆದಂತೆ ಅವಳ ಕೆಮ್ಮು ಗೋಡೆಯಿಂದಲ್ಲ, ನೆಲದ ಕೆಳಗಿನಿಂದ, ಬಾವಿಯೊಳಗಿನಿಂದ ಬಂದಂತೆ ಕೇಳತೊಡಗಿತು. ಆಮೇಲೆ ಒಂದು ದಿನ ಕೆಮ್ಮು ನಿಂತಿತು. ಗುಣ ಆಗುತ್ತಿದೆ ಎಂದುಕೊಂಡೆವು.

ಆ ಸಂಜೆ ನಾನು ಅಂಗಡಿ ಮುಚ್ಚಿ ಬರುವುದಕ್ಕೂ ಮಗಳು ದೀಪ ಹಚ್ಚುವುದಕ್ಕೂ ಸರಿಹೋಯಿತು. ಟಕ್... ಟಕ್. ಮಗಳು ಗುಳಿಗೆ ನುಂಗಿ ನೀರು ಕುಡಿದಳು. "ಇವತ್ತು ಭಾಳ ಸಮೀಪ ಬಂತಲ್ಲ ಅಪ್ಪಾ. ಹಲಿಗಿ ಮ್ಯಾಲೇ ಬಡದಂಗ" ಎಂದಳು. ನಾನು ಗೋಡೆಗೆ ಬಾಯಿ ಹಚ್ಚಿ, "ಅಕ್ಕಾ, ಹೆಂಗದಿ?" ಎಂದೆ. ಉತ್ತರ ಇಲ್ಲ. ಮಲಗಿರಬೇಕು ಎಂದುಕೊಂಡೆ. ಆದರೆ ಈಗಷ್ಟೇ ಬಡಿದವಳು...

ಬೆಳಿಗ್ಗೆ ಅಂಬಲಿ ಒಯ್ದರೆ ಅವಳ ಬಾಗಿಲಿಗೆ ಕೀಲಿ. ಎದುರು ಮನೆಯ ಹೆಣ್ಣುಮಗಳು ಕಸ ಗುಡಿಸುತ್ತಿದ್ದಳು. "ನಿನಗ ಗೊತ್ತಿಲ್ಲೇನ ಮಾವ? ನಿನ್ನಿ ಮಧ್ಯಾನ ನಾಕರ ಸುಮಾರ ಆಕಿ ತಮ್ಮನ ಮಗ ಬಂದು ಜೀಪಿನ್ಯಾಗ ಹಾಕ್ಕೊಂಡು ಹೋದ. ಉಸುರು ಸಿಗವಲ್ದಾಗಿತ್ತು. ಕಲಬುರಗಿ ದವಾಖಾನಿಗಿ ಅಂದ. ನಿನ್ನ ಮಗಳು ಮಲಗಿದ್ಲು, ಎಬ್ಬಸಲಿಲ್ಲ."

"ಮಧ್ಯಾನ?" ಎಂದೆ.

"ಹೂಂ, ಮಧ್ಯಾನಾನ. ಯಾಕ, ಮಾರಿ ಹಿಂಗ್ಯಾಕ ಆತು?"

ನಾನು ಮಗಳಿಗೆ ಹೇಳಲಿಲ್ಲ. ತುಂಬಿದ ಬಸುರಿ, ಆ ಸದ್ದಿನ ಮೇಲೆಯೇ ಔಷಧ ನುಂಗುತ್ತಿದ್ದಳು. ಇಲಿ ಇರಬಹುದು, ಪಾರಿವಾಳ ಇರಬಹುದು, ನನ್ನ ಭ್ರಮೆ ಇರಬಹುದು. ಸಂಜೆ ಗೋಡೆಗೆ ಅಂಗೈ ಹಚ್ಚಿ ಕೂತೆ. ಹೊತ್ತು ಮುಳುಗಿತು, ಮಗಳು ಕಡ್ಡಿ ಗೀರಿದಳು. ಟಕ್... ಟಕ್. ನನ್ನ ಅಂಗೈ ಕೆಳಗೆ ಕಲ್ಲು ನಡುಗಿದ್ದು ನನಗೆ ತಿಳಿಯಿತು. ಇಲಿಯ ಕಾಲಿಗೆ ಆ ಕಲ್ಲು ನಡುಗುವುದಿಲ್ಲ. "ದೊಡ್ಡವ್ವ ಹುಷಾರಾಗ್ಯಾಳ ನೋಡು, ಕೈಯಾಗ ಶಕ್ತಿ ಬಂದೈತಿ" ಎಂದು ಮಗಳು ನಕ್ಕು ಗುಳಿಗೆ ನುಂಗಿದಳು. ನಾನು ಹೂಂ ಎಂದೆ. ಎದ್ದು ಹೊರಗೆ ಹೋಗಿ ನೋಡಿದರೆ ಕೀಲಿ ಇದ್ದಂತೆಯೇ ಇತ್ತು. ಬಾಗಿಲಿಗೆ ಕಿವಿ ಕೊಟ್ಟರೆ ಒಳಗೆ ಯಾರೋ ಉಸಿರು ಹಿಡಿದು ನಿಂತಂತೆ, ಒಂದು ಸದ್ದೂ ಇಲ್ಲ.

ಮಗಳ ಪಟ್ಟಿ ಮುಗಿಯುವವರೆಗೆ ಸಂಜೆ ಸಂಜೆಗೂ ಗೋಡೆ ಬಡಿಯಿತು. ಪಟ್ಟಿ ಖಾಲಿಯಾದ ಮರುದಿನ ದೀಪ ಹಚ್ಚಿ ಕಾದೆವು. ಬಡಿಯಲಿಲ್ಲ.

ಆಮೇಲೆ ತಮ್ಮನ ಮಗ ಬಂದ. ತಲೆ ಬೋಳಿಸಿದ್ದ. ಅದನ್ನು ನೋಡಿಯೇ ತಿಳಿಯಿತು. ಅಕ್ಕ ಕಲಬುರಗಿ ಮುಟ್ಟಿರಲೇ ಇಲ್ಲ. ಶಹಾಪುರ ದಾಟುವಾಗ ಕಣ್ಣು ಬಿಟ್ಟು, ಅಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟವನ್ನು ನೋಡಿ, "ಅದ್ಯಾರ ಮಲಗ್ಯಾರ? ಎಬ್ಬಸಬ್ಯಾಡ್ರಿ" ಎಂದಳಂತೆ. ಮುಂದೆ ಜೇವರ್ಗಿ ಇನ್ನೂ ಬಂದಿರಲಿಲ್ಲ, ಹೊತ್ತು ಮುಳುಗುತ್ತಿತ್ತು. "ದೀಪದ ಹೊತ್ತಾತೇನಪ? ಗ್ವಾಡಿ ಬಡೀಬೇಕು, ನನ್ನ ಎಬ್ಬಸು" ಎಂದಳಂತೆ. ಅಷ್ಟೇ. ಹಾಗೇ ತಿರುಗಿಸಿ ನದಿ ದಂಡೆಯ ಊರಿಗೆ ಒಯ್ದು ಮಣ್ಣು ಮಾಡಿದ್ದರು. ಅವನು ಜೇಬಿನಿಂದ ಹಿತ್ತಾಳೆಯ ಗುಂಡನ್ನು ತೆಗೆದು ತೋರಿಸಿದ. "ಕೈಯಾಗ ಹಿಡಕೊಂಡೇ ಹೋಗ್ಯಾಳ್ರಿ ಮಾವ. ಬಿಡಸಾಕ ಭಾಳ ತಕ್ಲೀಫ ಆತು."

ಆ ಗುಂಡು ನಮ್ಮ ಓಣಿಯಲ್ಲಿ ಇರಲೇ ಇಲ್ಲ. ಹಾಗಾದರೆ ನಾವು ಕೇಳಿದ್ದು...

ಅವನು ಕೀಲಿ ತೆಗೆದ. ಒಳಗೆ ಹೋದೆ. ಗೋಡೆಗೆ ಗಂಡನ ಹಳೆಯ ಬಲೆ ತೂಗುಹಾಕಿತ್ತು, ಗಾಳಿಯಿಲ್ಲದೆಯೂ ಸಣ್ಣಗೆ ಅಲ್ಲಾಡುತ್ತಿತ್ತು. ಗೂಡಿನಲ್ಲಿ ನನ್ನ ಹಲಗೆಯ ಬೆನ್ನಿಗೆ ಒತ್ತಿ ಒಂದು ಬಿಳಿ ಬಟ್ಟೆಯ ಗಂಟು. ಬಿಚ್ಚಿದೆ. ತಂಬಿಟ್ಟಿನ ಉಂಡೆ. ಬೆಲ್ಲದ ಉಂಡೆಗೆ ಒಂದು ಇರುವೆಯೂ ಮುತ್ತಿರಲಿಲ್ಲ. ಅದರ ಪಕ್ಕ, ಅರ್ಧ ಹಳದಿ ಅರ್ಧ ಬಿಳಿ ಗುಳಿಗೆಗಳು. ಅವಳ ಸಂಜೆಯ ಗುಳಿಗೆಗಳು ಎಲ್ಲವೂ.

ಬೆಳಗಿನದು ತಾನು ನುಂಗಿ, ಸಂಜೆಯದನ್ನು ಬಸುರಿಗೆ ಪಾಲು ತೆಗೆದಿದ್ದಳು. ಎರಡು ಜೀವಕ್ಕೆ ಒಂದು, ಒಂಟಿ ಮುದುಕಿಗೆ ಎರಡು ಎಂದರೆ ಅವಳ ಮನಸ್ಸು ಹೇಗೆ ಒಪ್ಪೀತು? ಹಲಗೆ ತೆಗೆದ ದಿನ ಕೊಟ್ಟರಾಯಿತು ಎಂದುಕೊಂಡಿರಬೇಕು. ಪಟ್ಟಿ ಹರಿಯುವ ಸದ್ದನ್ನು ನಾನು ಕೇಳಿದ್ದೆ, ನುಂಗುವುದಕ್ಕೆ ಸದ್ದೆಲ್ಲಿದೆ?

ಗಂಟನ್ನು ಡಾಕ್ಟರಮ್ಮನ ಮುಂದೆ ಬಿಚ್ಚಿದೆ. ಅವರು ಗುಳಿಗೆಗಳನ್ನು ಒಂದೊಂದಾಗಿ ಎಣಿಸಿದರು. "ಬಂದದ್ದನ್ನ ಹೊಡದು ಹಾಕಾಕ ಎರಡು ಹೊತ್ತು ಬೇಕ್ರಿ. ಬರದಂಗ ಕಾಯಾಕ ಒಂದ ಹೊತ್ತು ಸಾಕು. ಅದು ಪಾಲಲ್ಲ, ಲೆಕ್ಕನ ಬ್ಯಾರೆ. ಪುರಾ ತಗೊಂಡಿದ್ರ ಉಳೀತಿದ್ರು ಅಂತ ನಾ ಹೇಳಂಗಿಲ್ಲ. ವಯಸ್ಸಾಗಿತ್ತು, ಎದಿಯಾಗ ಮೊದಲೇ ಶಕ್ತಿ ಇದ್ದಿಲ್ಲ. ಆದ್ರ..." ಗಂಟನ್ನು ಮತ್ತೆ ಕಟ್ಟಿ ನನ್ನ ಕೈಗೆ ಕೊಟ್ಟರು.

ಮಗಳಿಗೆ ಜ್ವರ ಬರಲಿಲ್ಲ. ಮುಂದಿನ ತಿಂಗಳು ಹೆಣ್ಣು ಕೂಸು ಹುಟ್ಟಿತು, ಓಣಿಯೆಲ್ಲಾ ಕೇಳುವಂತೆ ಅತ್ತಿತು! ತೊಟ್ಟಿಲನ್ನು ಮಗಳು ಹಟ ಮಾಡಿ ಬಡಗಣ ಗೋಡೆಯ ಹತ್ತಿರವೇ ಕಟ್ಟಿಸಿದಳು. ಅಷ್ಟೊತ್ತಿಗೆ ಅವಳಿಗೂ ಎಲ್ಲ ತಿಳಿದಿತ್ತು. ಅತ್ತಳು, ಗೋಡೆಗೆ ಹಣೆ ಹಚ್ಚಿ. ಅಳುವ ಕೂಸು ಆ ಗೋಡೆಯ ಕಡೆ ತಿರುಗಿಸಿದರೆ ಸುಮ್ಮನಾಗುತ್ತಿತ್ತು. ಖಾಲಿ ಕಲ್ಲನ್ನು ನೋಡಿ ನಗುತ್ತಿತ್ತು...

ಆಮೇಲೆ ರಸ್ತೆ ಅಗಲ ಮಾಡುವಾಗ ಆಚೆ ಮನೆ ಕೆಡವಿದರು. ಗೋಡೆ ಮಾತ್ರ ನಮ್ಮದೆಂದು ಉಳಿಯಿತು. ಗೂಡಿನ ಆ ಕಡೆಯ ಬಾಯಿಗೆ ಕಲ್ಲು ಇಟ್ಟು ಮುಚ್ಚಿದೆ, ಈ ಕಡೆಯ ಹಲಗೆ ಕಿತ್ತೆ. ಆಚೆ ಈಗ ಬರೀ ಬಯಲು, ಎಕ್ಕೆ ಗಿಡ, ಅದರಾಚೆ ರಸ್ತೆ.

ಇವತ್ತು ದಿನವೆಲ್ಲಾ ಸಂತೋಷದಲ್ಲಿ ತೇಲಿದೆನಲ್ಲ, ದೀಪ ಹಚ್ಚಿದ್ದಾಯಿತು, ನನ್ನ ಗುಳಿಗೆಯನ್ನೇ ಮರೆತಿದ್ದೆ. ಕಟ್ಟೆಯ ಮೇಲೆ ಕೂತು ಎದುರು ಮನೆಯವರಿಗೆ ಮೊಮ್ಮಗಳ ಸುದ್ದಿಯನ್ನು ಇನ್ನೊಮ್ಮೆ ಹೇಳುತ್ತಿದ್ದೆ. ಕೂಸು ಒಳಗಿನಿಂದ ಬಂದು ನನ್ನ ಅಂಗಿ ಜಗ್ಗಿತು. "ಮುತ್ಯಾ, ಕರ್ಯಾಕತ್ತಾರ."

"ಯಾರವ್ವ?"

"ಗ್ವಾಡ್ಯಾಗ." ಕೈಯಲ್ಲಿದ್ದ ಔಷಧದ ಚಮಚದಿಂದ ಕಟ್ಟೆಯ ಕಲ್ಲಿಗೆ ಬಡಿದು ತೋರಿಸಿತು. ಟಕ್... ಟಕ್. ನಡುವೆ ಅಷ್ಟೇ ಬಿಡುವು. ಈ ಮಾತನ್ನು ನಾವು ಯಾರೂ ಆ ಕೂಸಿನ ಮುಂದೆ ಆಡಿದ್ದಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಒಳಗೆ ಹೋದೆ. ಗೋಡೆಗೆ ಅಂಗೈ ಇಟ್ಟೆ. ತಣ್ಣಗಿತ್ತು, ಅಲ್ಲಾಡಲಿಲ್ಲ. "ಅಕ್ಕಾ, ಕೂಸಿಗೆ ಜ್ವರ ಬಿಟ್ಟೈತಿ" ಎಂದೆ. ಇವತ್ತು ಎಲ್ಲರಿಗೂ ಕೂಗಿ ಹೇಳಿದ ಮಾತನ್ನು ಅವಳಿಗೆ ಮಾತ್ರ ಕಲ್ಲಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದೆ. ತಂಬಿಟ್ಟಿನ ಉಂಡೆಯೊಂದನ್ನು ಮುರಿದು ದೊಡ್ಡ ಪಾಲನ್ನು ಗೂಡಿನಲ್ಲಿ ಇಟ್ಟೆ. ಆ ಕಡೆಯಿಂದ ತಗೊಳ್ಳುವ ಕೈ ಇಲ್ಲ, ಅದು ನನಗೆ ಗೊತ್ತು. ಆಮೇಲೆ ಪಟ್ಟಿಯನ್ನು ಒತ್ತಿದೆ, ಚಟ್ ಎಂದಿತು. ಗುಳಿಗೆಯನ್ನು ಗೂಡಿನಲ್ಲಿ ಇಡಲಿಲ್ಲ. ಗೋಡೆಗೆ ಕೇಳುವಂತೆ ನೀರು ಗಟಗಟ ಕುಡಿದು ನುಂಗಿದೆ.