ಒಣಗಿದ ಕಡಲಿನ ಉಪ್ಪೂ ಜುಮಗುಲ್‌ಳ ಗಾಜಿನ ನಳಿಕೆಯೂ

ನುಕುಸ್ ಪಟ್ಟಣದ ಸಂಶೋಧನಾಲಯದಲ್ಲಿ ಜುಮಗುಲ್‌ಗಿದ್ದ ಕೆಲಸ ಮಿದುಳಿನ ಒಂದು ಪ್ರೋಟೀನನ್ನು ಕಾಯುವುದು. ಕೈಕಾಲು ನಡುಗಿಸುವ ಕಾಯಿಲೆಯಲ್ಲಿ ಮುದ್ದೆಗಟ್ಟುವುದು ಇದೇ. ಸುಮ್ಮನೆ ಬಿಟ್ಟರೆ ಇದರ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ಮರ್ಯಾದೆಯಿಂದ ಇರುತ್ತವೆ. ಉಪ್ಪು ಬೆರೆಸಿದರೆ ಅದರ ಅಯಾನುಗಳು ನಡುವೆ ನುಸುಳಿ ರಾಜಿ ಮಾಡಿಸಿಬಿಡುತ್ತವೆ. ಕಣಗಳು ತಬ್ಬಿಕೊಂಡು, ತಿಳಿಯಾಗಿದ್ದ ನಳಿಕೆ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಎಲ್ಲ ರಾಜಿಯೂ ಒಳ್ಳೆಯದಲ್ಲ ಎಂದು ಜುಮಗುಲ್ ಕಲಿತದ್ದು ಇಲ್ಲೇ. ಸಂಬಳ ತಪ್ಪಬಾರದೆಂದು ಅದನ್ನು ಮರೆತದ್ದೂ ಇಲ್ಲೇ.

ನಿರ್ದೇಶಕ ಕಲ್ಲಿಬೆಕ್ ಅಘಾ, ಕಡಲ ತಳದ ಉಪ್ಪು ನಡುಕ ನಿಲ್ಲಿಸುತ್ತದೆಂದು ಟಿವಿಯಲ್ಲಿ ಸಾರಿಬಿಟ್ಟಿದ್ದರು. ಕಡಲು ಬತ್ತಿಹೋದ ಮೇಲೆ ಊರಿಗೆ ಉಳಿದದ್ದು ಉಪ್ಪೊಂದೇ. ಅದಕ್ಕೊಂದು ಕೀರ್ತಿಯಾದರೂ ಬೇಡವೇ? ಅಂದಿನಿಂದ ಜುಮಗುಲ್‌ಳ ತಾಯಿ ನಡುಗುವ ಕೈಯಲ್ಲೇ ಚಹಾಕ್ಕೆ ಆ ಉಪ್ಪು ಉದುರಿಸಿಕೊಳ್ಳತೊಡಗಿದರು. ರಕ್ತದೊತ್ತಡ ಏರಿದೆ, ಉಪ್ಪು ಮುಟ್ಟಬೇಡಿ ಎಂದು ವೈದ್ಯರು ಹೇಳಿದ್ದು ಗಾಳಿಗೆ ಹೋಯಿತು.

"ಅಘಾ, ಉಪ್ಪು ಹಾಕಿದ್ರೆ ಬೇಗ ಮುದ್ದೆ ಕಟ್ಟುತ್ತೆ. ಅಲ್ದೆ ನಳಿಕೆಯೇ ಬೇರೆ, ತಲೆಯೇ ಬೇರೆ. ಉಪ್ಪು ತಿಂದ್ರೆ ವಾಸಿಯಾಗುತ್ತೆ ಅನ್ನೋಕೆ ಏನ್ ಆಧಾರ ಇದೆ? ನಾಳೆ ಪ್ರಯೋಗ ನೋಡೋಕೆ ಬರೋ ಅತಿಥಿಗಳ, ಟಿವಿಯವರ ಮುಂದೆ ನಿಜ ಹೇಳಿಬಿಡೋಣ."

"ಬೇಗ ಅಂದ್ರೆ ಎಷ್ಟು ಬೇಗ?"

"ಬೆಚ್ಚಗಿಟ್ಟು ಕುಲುಕಿದ್ರೆ ಮಧ್ಯಾಹ್ನದೊಳಗೆ."

"ಹಾಗಾದ್ರೆ ಬೆಳಗ್ಗೇನೇ ತೋರಿಸೋಣ, ತಿಳಿಯಾಗಿರುತ್ತಲ್ಲ! ನೀನು ಬಿಳಿ ಕೋಟು ಹಾಕ್ಕೊಂಡು ಪಕ್ಕದಲ್ಲಿ ನಿಲ್ಲು ತಂಗಿ. ಮಾತು ನನಗೆ ಬಿಡು."

ಬಂದವರಿಗೆ ಉಣಿಸುವ ಮೊದಲೇ ಕೆಲಸದ ಮಾತೆತ್ತುವ ಊರು ಅದಾಗಿದ್ದರೆ ಈ ಉಪಾಯ ಫಲಿಸುತ್ತಿತ್ತು. ಮರುದಿನ ಮೊದಲು ಚಹಾ ಬಂತು. ಜೋಳದ ಹಿಟ್ಟಿನ ಗುರ್ತಿಕ್ ಕಡುಬು ಬಂತು, ಅದರ ಮೇಲೆ ಕುರಿಮಾಂಸ. ಒಬ್ಬ ಹಿರಿಯರು ಅಂಗೈಯೊಡ್ಡಿ ಹರಸಿದರು. ಅವರಿಗಿಂತ ಹಿರಿಯರೊಬ್ಬರು ಮೂಲೆಯಲ್ಲಿ ಕೂತಿದ್ದು ಆಮೇಲೆ ಕಣ್ಣಿಗೆ ಬಿದ್ದು, ತಪ್ಪಾಯಿತೆಂದು ಅವರಿಂದಲೂ ಹರಸಿಸಿದ್ದಾಯಿತು. ಹೊಗಳಿಕೆಗೆ ಮರುಹೊಗಳಿಕೆ, ಅದಕ್ಕೆ ಮತ್ತೊಂದು ಸುತ್ತು ಚಹಾ. ಪಕ್ಕದ ಕೋಣೆಯಲ್ಲಿ ಉಪ್ಪು ಬೆರೆತು ಬೆಚ್ಚಗೆ ಕುಲುಕುತ್ತಿದ್ದ ನಳಿಕೆಗೆ ಇಷ್ಟು ತಾಳ್ಮೆ ಇರಲಿಲ್ಲ.

ಮಧ್ಯಾಹ್ನ ಕ್ಯಾಮೆರಾದ ಮುಂದೆ ಅಘಾ ಎತ್ತಿ ಹಿಡಿದಾಗ ಅದು ಬೆಳ್ಳಗಿತ್ತು. ಸದ್ಯ, ನಿಜ ತಾನಾಗಿಯೇ ಬಯಲಾಯಿತೆಂದು ಜುಮಗುಲ್‌ಳ ಎದೆ ಹಗುರಾಯಿತು. ಅಘಾ ಮಾತ್ರ ರೆಪ್ಪೆ ಮಿಟುಕಿಸಲಿಲ್ಲ.

"ನೋಡಿ! ಕಾಯಿಲೇನೆಲ್ಲ ನಮ್ಮ ಉಪ್ಪು ಹಿಡಿದು ಮೂಟೆ ಕಟ್ಟಿಬಿಟ್ಟಿದೆ! ಅಲ್ವೇನಮ್ಮ ಜುಮಗುಲ್?"

ಗಡ್ಡಗಳೆಲ್ಲ ಅವಳತ್ತ ತಿರುಗಿದವು. ಅತಿಥಿಗಳೆದುರು ಹಿರಿಯರ ಮಾತನ್ನು ಕತ್ತರಿಸುವ ಹೆಣ್ಣುಮಗಳನ್ನು ಆ ಊರು ಇನ್ನೂ ಹೆತ್ತಿರಲಿಲ್ಲ. ಅವಳು ತಲೆ ತಗ್ಗಿಸಿದಳು. ಒಪ್ಪಿ ತಲೆಯಾಡಿಸಿದಳೆಂದು ಚಪ್ಪಾಳೆ ಬಿತ್ತು.

ಸಂಜೆ ಮನೆಗೆ ಬಂದಾಗ ತಾಯಿ ಬಟ್ಟಲಿಗೆ ಉಪ್ಪು ಸುರಿದುಕೊಳ್ಳುತ್ತಿದ್ದರು. ಜುಮಗುಲ್ ಓಡಿಹೋಗಿ ಕೈ ಹಿಡಿದಳು.

"ಬೇಡ ಅಮ್ಮಾ! ಅಘಾ ಹೇಳಿದ್ದೆಲ್ಲ ಸುಳ್ಳು."

"ಆ ಬುರುಡೆ ಮುದುಕನ್ನ ಯಾರು ನಂಬ್ತಾರೆ ಮಗಳೇ! ಅದಕ್ಕೇ ಇಷ್ಟು ದಿನ ಬರೀ ಚಿಟಿಕೆ ಹಾಕ್ಕೊಳ್ತಿದ್ದೆ. ಇವತ್ತು ನೀನೇ ತಲೆಯಾಡಿಸಿದ್ದು ಟಿವೀಲಿ ನೋಡ್ದೆ ನೋಡು, ಚಮಚಾನೇ ತಗೊಂಡೆ."